ಯಾವ ಹೊಲಿಗೆ ಹೆಚ್ಚು ಗಟ್ಟಿ?

ಕೈಯ ಶಸ್ತ್ರಚಿಕಿತ್ಸೆಯನ್ನು ಕಲಿಸುವ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಪುಟ ಇದ್ದೇ ಇರುತ್ತದೆ. ತುಂಡಾದ ಸ್ನಾಯುರಜ್ಜುವಿನ ಎರಡು ತುದಿಗಳನ್ನು ಕೂಡಿಸಿ ಹೊಲಿಯುವ ಬಗೆಗಳ ರೇಖಾಚಿತ್ರ ಅಲ್ಲಿರುತ್ತದೆ: ಬನ್ನೆಲ್, ಕೆಸ್ಲರ್, ತಜಿಮಾ, ತ್ಸುಗೆ, ಸ್ಯಾವೇಜ್, ಕ್ರೂಸಿಯೇಟ್. ಪಕ್ಕದಲ್ಲೋ ಮುಂದಿನ ಪುಟದಲ್ಲೋ ಒಂದು ಕೋಷ್ಟಕ. ಯಾವ ಹೊಲಿಗೆ ಎಷ್ಟು ನ್ಯೂಟನ್ ಎಳೆತಕ್ಕೆ ಕಿತ್ತುಬಂತು ಎಂಬ ಲೆಕ್ಕ ಅದರಲ್ಲಿ. ಪರೀಕ್ಷೆಗೆ ಓದುವವರು ಅದನ್ನು ಬಾಯಿಪಾಠ ಮಾಡುತ್ತಾರೆ, ಸಂಶೋಧನೆ ಮಾಡುವವರು ಅದಕ್ಕೆ ಇನ್ನೊಂದು ಸಾಲು ಸೇರಿಸುತ್ತಾರೆ. ಇವೆಲ್ಲದರ ಹಿಂದೆ ಇರುವ ನಂಬಿಕೆ ಸರಳವಾದದ್ದು. ಪ್ರತಿ ಹೊಲಿಗೆಗೂ ಅದರದೇ ಆದ ಒಂದು ಬಲವಿದೆ, ಆ ಬಲವನ್ನು ಯಂತ್ರದಲ್ಲಿ ಅಳೆಯಬಹುದು, ಅಳೆದು ಬಂದ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ರೋಗಿಗೆ ಯಾವುದು ಒಳ್ಳೆಯದೆಂದು ತಿಳಿಯುತ್ತದೆ. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದರೊಳಗೆ ಬೇರೆಬೇರೆ ನಾಲ್ಕೈದು ಪ್ರಶ್ನೆಗಳು ಗೋಜಲಾಗಿ ಸೇರಿಕೊಂಡಿವೆ. ಅವನ್ನು ಬಿಡಿಸದೆ ಕೋಷ್ಟಕ ಓದುವವರಿಗೆ ಅದರಲ್ಲಿಲ್ಲದ ಉತ್ತರವೂ ಅದರಲ್ಲಿ ಕಾಣಿಸಿಬಿಡುತ್ತದೆ.

ಮೊದಲು ಈ ಪ್ರಶ್ನೆ ಹುಟ್ಟಿದ ಜಾಗವನ್ನು ನೋಡಬೇಕು. ಬೆರಳನ್ನು ಮಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಅಂಗೈ ದಾಟಿ ಬೆರಳಿನ ಮೂಳೆಗೆ ಎಳೆತವನ್ನು ಒಯ್ಯುವುದು ರಜ್ಜುಗಳ ಕೆಲಸ. ಹೆಬ್ಬೆರಳನ್ನು ಬಿಟ್ಟು ಉಳಿದ ಪ್ರತಿ ಬೆರಳಿಗೂ ಇಂಥ ಎರಡು ರಜ್ಜುಗಳಿವೆ. ಅಂಗೈಯ ಮೇಲ್ಗೆರೆಯಿಂದ ಬೆರಳಿನ ನಡುಮೂಳೆಯವರೆಗೆ ಆ ಎರಡೂ ಒಂದೇ ಇಕ್ಕಟ್ಟಾದ ಒರೆಯೊಳಗೆ ಜಾರುತ್ತವೆ. ಒರೆಯ ಮೇಲೆ ಅಲ್ಲಲ್ಲಿ ಅಡ್ಡಪಟ್ಟಿಗಳಿದ್ದು, ಬೆರಳು ಮಡಿಸಿದಾಗ ರಜ್ಜು ಮೂಳೆಯಿಂದ ದೂರಕ್ಕೆ ಸೆಟೆದು ನಿಲ್ಲದಂತೆ ಹಿಡಿದಿಡುತ್ತವೆ. ಶಸ್ತ್ರವೈದ್ಯರು ಇವನ್ನು ಪುಲ್ಲಿಗಳೆನ್ನುತ್ತಾರೆ. ಎರಡು ರಜ್ಜುಗಳೂ ಒಟ್ಟಿಗೆ ಜಾರುವ ಈ ಭಾಗವನ್ನು ಅವರು ಎರಡನೇ ವಲಯವೆಂದು ಕರೆಯುತ್ತಾರೆ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಸ್ಟರ್ಲಿಂಗ್ ಬನ್ನೆಲ್ ಇದನ್ನು ಯಾರಿಗೂ ಸೇರದ ನಾಡೆಂದು ಕರೆದು, ಇಲ್ಲಿ ತುಂಡಾದ ರಜ್ಜುವನ್ನು ಆಗಲೇ ಹೊಲಿಯುವುದರ ಬದಲು ಗಾಯ ಮಾಗಿದ ಮೇಲೆ ಬೇರೆ ರಜ್ಜುವಿನ ಕಸಿ ಮಾಡುವುದು ವಾಸಿ ಎಂದಿದ್ದರು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಕ್ಲಾಡ್ ವರ್ಡಾನ್, ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ ಮೊದಲಾದವರು ಈ ವಲಯದಲ್ಲೂ ನೇರವಾಗಿ ಹೊಲಿಯಬಹುದೆಂದು ತೋರಿಸಿದರು. ಅಲ್ಲಿಂದ ಹಿಡಿದು ಇಂದಿನವರೆಗೆ ಇಬ್ಬಂದಿ ಒಂದೇ. ಹೊಲಿದ ಬೆರಳನ್ನು ಅಲ್ಲಾಡಿಸದೆ ಇಟ್ಟರೆ ರಜ್ಜು ಒರೆಗೆ ಅಂಟಿಕೊಂಡು ಬೆರಳು ಕೊರಡಾಗುತ್ತದೆ. ಬೇಗ ಅಲ್ಲಾಡಿಸಿದರೆ ಹೊಲಿಗೆ ಕಿತ್ತುಹೋಗುವ ಭಯ. ಹೊಲಿಗೆಯ ಬಲ ಚರ್ಚೆಯ ನಡುಮನೆಗೆ ಬಂದದ್ದು ಹೀಗೆ.

ರೂಢಿಯ ವಾದವನ್ನು ಅದರ ಅತ್ಯುತ್ತಮ ರೂಪದಲ್ಲೇ ಇಡೋಣ. ಅದಕ್ಕೆ ಮೂರು ಮೆಟ್ಟಿಲುಗಳಿವೆ.

1. ಬೀಳುವ ಹೊರೆ ಎಷ್ಟೆಂದು ಗೊತ್ತಿದೆ. 1992ರಲ್ಲಿ ಶೂಯಿಂಡ್ ಮತ್ತು ಸಂಗಡಿಗರು ಮಣಿಕಟ್ಟಿನ ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳ ರಜ್ಜುಗಳಿಗೇ ಅಳತೆಯ ಉಪಕರಣ ಸಿಕ್ಕಿಸಿ ನೋಡಿದರು. ಬೇರೊಬ್ಬರು ಬೆರಳು ಮಡಿಸಿದಾಗ ರಜ್ಜುವಿನ ಮೇಲೆ ಹೆಚ್ಚೆಂದರೆ 9 ನ್ಯೂಟನ್, ರೋಗಿಯೇ ಏನನ್ನೂ ಹಿಡಿಯದೆ ಮಡಿಸಿದಾಗ ಸುಮಾರು 35, ಬೆರಳ ತುದಿಯಿಂದ ಬಿಗಿಯಾಗಿ ಚಿವುಟಿ ಹಿಡಿದಾಗ 120ರವರೆಗೂ ಎಳೆತ ಬಿತ್ತು.

2. ಹೊಲಿಗೆಯ ಬಲ ಎಷ್ಟೆಂದೂ ಗೊತ್ತಿದೆ. ತುಂಡಿನ ನಡುವೆ ಎಷ್ಟು ಎಳೆ ದಾರ ಹಾಯುತ್ತದೆಯೋ ಬಲ ಹೆಚ್ಚುಕಡಿಮೆ ಅದಕ್ಕೆ ತಕ್ಕಂತೆ ಏರುತ್ತದೆ. ಎರಡೆಳೆಯ ಹೊಲಿಗೆ 20–30 ನ್ಯೂಟನ್ ಆಸುಪಾಸಿನಲ್ಲಿ ಸೋಲುತ್ತದೆ, ನಾಲ್ಕೆಳೆಯದು 40ರ ಮೇಲೆ ಹೋಗುತ್ತದೆ, ಆರೆಳೆಯದು ಇನ್ನೂ ಮೇಲೆ.

3. ಆದ್ದರಿಂದ ಹೊರೆಗಿಂತ ಬಲ ಹೆಚ್ಚಿರುವ ಹೊಲಿಗೆಯನ್ನು ಆರಿಸಬೇಕು. ಎಷ್ಟು ಹೆಚ್ಚಿದ್ದರೆ ಅಷ್ಟು ಕ್ಷೇಮ.

ಈ ವಾದ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಎರಡೆಳೆಯ ಹೊಲಿಗೆ ಹಾಕಿ ಬೆರಳನ್ನು ರಬ್ಬರ್‌ಬ್ಯಾಂಡಿಗೆ ಕಟ್ಟಿ ಜೋಪಾನ ಮಾಡುತ್ತಿದ್ದ ಕಾಲದಿಂದ, ನಾಲ್ಕು ಇಲ್ಲವೆ ಆರೆಳೆ ಹಾಕಿ ಕೆಲವೇ ದಿನಗಳಲ್ಲಿ ರೋಗಿಯಿಂದಲೇ ಬೆರಳು ಮಡಿಸಿಸುವ ಕಾಲಕ್ಕೆ ನಾವು ಬಂದದ್ದು ಈ ಲೆಕ್ಕದ ಬಲದಿಂದಲೇ. 35ಕ್ಕಿಂತ 25 ಕಡಿಮೆ ಎಂಬ ಎದುರಾಳಿಯಿಲ್ಲದ ಸತ್ಯ ಸಾಕಷ್ಟು ಬೆರಳುಗಳನ್ನು ಉಳಿಸಿದೆ. ನನ್ನ ತಕರಾರು ಈ ಹೋಲಿಕೆಯ ಬಗ್ಗೆ ಅಲ್ಲ, ಅದನ್ನು ಹಿಡಿದು ಮುಂದಕ್ಕೆ ಎಲ್ಲಿಯವರೆಗೆ ಹೋಗಿದ್ದೇವೆ ಎಂಬುದರ ಬಗ್ಗೆ. 35ನ್ನು ದಾಟಿದ ಮೇಲೂ 60ಕ್ಕಿಂತ 75 ಮೇಲು, 75ಕ್ಕಿಂತ 90 ಮೇಲು ಎನ್ನುತ್ತ ಹೋಗುವುದಕ್ಕೆ ಆಧಾರವೇನು?

ಎರಡನೇ ಮೆಟ್ಟಿಲಿನಿಂದ ಶುರುಮಾಡೋಣ. ‘ಕೆಸ್ಲರ್ ಹೊಲಿಗೆಯ ಬಲ ಇಷ್ಟು’ ಎಂದಾಗ ಅಳೆದದ್ದು ಯಾವುದರ ಬಲ? ಐಸಿಡೋರ್ ಕೆಸ್ಲರ್ 1973ರಲ್ಲಿ ಬರೆದ ಹೊಲಿಗೆಯಲ್ಲಿ ಗಂಟುಗಳು ರಜ್ಜುವಿನ ಹೊರಮೈಯಲ್ಲಿದ್ದವು. ಅದಕ್ಕಿಂತ ಬಹಳ ಮೊದಲೇ, 1917ರಲ್ಲಿ, ಕಿರ್ಖ್‌ಮಾಯರ್ ಅಂಥದ್ದೇ ಒಂದನ್ನು ವಿವರಿಸಿದ್ದರಿಂದ ಯುರೋಪಿನ ಹಲವರು ಇಬ್ಬರ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಇಂದು ಹೆಚ್ಚಿನವರು ಹಾಕುವುದು ಒಂದೇ ಗಂಟನ್ನು ತುಂಡಿನ ನಡುವೆ ಹುದುಗಿಸುವ ‘ಸುಧಾರಿತ’ ಕೆಸ್ಲರ್. ಅದರಲ್ಲೂ ಅಡ್ಡ ಎಳೆ ಉದ್ದ ಎಳೆಯ ಮೇಲಿಂದ ಹೋಗುತ್ತದೋ ಕೆಳಗಿಂದಲೋ ಎಂಬುದರ ಮೇಲೆ ಕುಣಿಕೆ ಎಳೆದಾಗ ನಾರುಗಳನ್ನು ಬಿಗಿದು ಹಿಡಿಯುತ್ತದೋ, ಇಲ್ಲ ಸುಮ್ಮನೆ ತಬ್ಬಿ ಜಾರುತ್ತದೋ ಎಂಬುದು ನಿರ್ಧಾರವಾಗುತ್ತದೆ. ಪೆನ್ನಿಂಗ್ಟನ್ 1979ರಲ್ಲೇ ಇದನ್ನು ತೋರಿಸಿದ್ದರು. ಚಿತ್ರದಲ್ಲಿ ಎರಡೂ ಕಣ್ಣಿಗೆ ಒಂದೇ ತೆರ. ಇನ್ನು ಕತ್ತರಿಸಿದ ಅಂಚಿನಿಂದ ಎಷ್ಟು ದೂರದಲ್ಲಿ ದಾರ ರಜ್ಜುವನ್ನು ಹಿಡಿಯುತ್ತದೆ ಎಂಬುದು ಬೇರೆ. 7ರಿಂದ 10 ಮಿಲಿಮೀಟರ್ ದೂರ ಹಿಡಿದರೆ ಒಂದು ಫಲ, 3–4 ಮಿಲಿಮೀಟರಿಗೇ ಹಿಡಿದರೆ ಅದೇ ಹೊಲಿಗೆ ಬಹಳ ಬೇಗ ನಾರನ್ನು ಸೀಳಿಕೊಂಡು ಬರುತ್ತದೆ. ಹೆಸರು ಒಂದೇ, ಬಲ ಬೇರೆ. ಹೊಲಿಗೆಗೆ ಹೆಸರಿಟ್ಟ ಮಾತ್ರಕ್ಕೆ ಅದಕ್ಕೊಂದು ಬಲ ಅಂಟಿಕೊಂಡಿರುತ್ತದೆ ಎಂಬ ಊಹೆ ಇಲ್ಲಿಗೇ ಅಲುಗುತ್ತದೆ.

ದಾರದ ಮಾತು ಇನ್ನೂ ಒಂದು ಹೆಜ್ಜೆ ಮುಂದೆ. ರಜ್ಜು ಹೊಲಿಯಲು ಸಾಮಾನ್ಯವಾಗಿ ಬಳಸುವುದು 3-0 ಅಥವಾ 4-0 ದಾರ. (ಮೊದಲ ಅಂಕಿ ದೊಡ್ಡದಾದಷ್ಟೂ ದಾರ ಸಪೂರ. ಈ ಲೆಕ್ಕವನ್ನು ಯಾರು ಹೀಗೆ ತಿರುವುಮುರುವಾಗಿ ಇಟ್ಟರೋ!) 4-0 ದಾರದ ದಪ್ಪ 0.15 ಮಿಲಿಮೀಟರಿನಿಂದ ಶುರುವಾದರೆ 3-0 ದಾರದ್ದು 0.20ರಿಂದ. ಕೇಳಲು ಅಲ್ಪ ವ್ಯತ್ಯಾಸ. ಆದರೆ ದಾರ ತಾಳುವ ಎಳೆತ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸುವುದರಿಂದ, ಈ ಎರಡು ದಪ್ಪಗಳ ವರ್ಗದ ಅನುಪಾತ ಸುಮಾರು 1.8ಕ್ಕೆ ಬರುತ್ತದೆ. ಅಂದರೆ 3-0 ದಾರದ ಎರಡೆಳೆ, ದಾರದ ಲೆಕ್ಕದಲ್ಲಿ, 4-0 ದಾರದ ಮೂರೂವರೆ ಎಳೆಗೆ ಸಮ. ಒಬ್ಬರು 3-0 ದಾರದಲ್ಲಿ ಎರಡೆಳೆ ಹಾಕಿ, ಇನ್ನೊಬ್ಬರು 4-0 ದಾರದಲ್ಲಿ ನಾಲ್ಕೆಳೆ ಹಾಕಿ, ‘ಎರಡಕ್ಕಿಂತ ನಾಲ್ಕು ಮೇಲು’ ಎಂಬ ತೀರ್ಪು ಕೊಟ್ಟರೆ ಅಲ್ಲಿ ಹೋಲಿಸಿದ್ದು ಏನನ್ನು? ಮೇಲಾಗಿ ದಾರ ಯಾವುದರದು ಎಂಬ ಪ್ರಶ್ನೆಯಿದೆ. ನೈಲಾನ್, ಪಾಲಿಪ್ರೊಪಿಲೀನ್ ದಾರಗಳು ಹೆಣೆದ ಪಾಲಿಯೆಸ್ಟರಿಗಿಂತ ಹೆಚ್ಚು ಹಿಗ್ಗುತ್ತವೆ. ಫೈಬರ್‌ವೈರ್‌ನಂಥ ಪಾಲಿಎಥಿಲೀನ್ ದಾರ ಇವೆಲ್ಲಕ್ಕಿಂತ ಗಟ್ಟಿ. ಆದರೆ ದಾರವನ್ನು ಹೀಗೆ ಗಟ್ಟಿ ಮಾಡುತ್ತ ಹೋದರೆ ಒಂದು ಹಂತದ ನಂತರ ಸೋಲುವುದು ದಾರವಲ್ಲ, ಅದನ್ನು ಹಿಡಿದ ರಜ್ಜುವಿನ ನಾರು. ದಾರ ತುಂಡಾಗದೆ ಇಡಿಯಾಗಿ ಸೀಳಿಕೊಂಡು ಹೊರಬರುತ್ತದೆ. ಆಗ ಯಂತ್ರ ತೋರಿಸುವ ಸಂಖ್ಯೆ ದಾರದ ಬಲವಲ್ಲ, ಹಿಡಿತದ ಬಲ. ಒಂದೇ ಕಾಲಮ್ಮಿನಲ್ಲಿ ಒಂದರ ಕೆಳಗೊಂದು ಬರೆದ ಎರಡು ಸಂಖ್ಯೆಗಳು ಎರಡು ಬೇರೆ ಸೋಲುಗಳ ಅಳತೆಯಾಗಿರಬಹುದು.

ಎಳೆಗಳ ಸಂಖ್ಯೆಗೂ ಬಲಕ್ಕೂ ನೇರ ಅನುಪಾತವಿದೆ ಎಂಬ ಮಾತಿನೊಳಗೂ ಒಂದು ಷರತ್ತು ಅಡಗಿದೆ: ಎಲ್ಲ ಎಳೆಗಳೂ ಹೊರೆಯನ್ನು ಸಮನಾಗಿ ಹಂಚಿಕೊಳ್ಳಬೇಕು. ತೇರಿನ ಹಗ್ಗ ಹಿಡಿದವರೆಲ್ಲ ತೇರನ್ನು ಎಳೆಯುತ್ತಿರುವುದಿಲ್ಲ ಎಂಬುದು ಜಾತ್ರೆ ನೋಡಿದವರಿಗೆ ಗೊತ್ತು. ಆರೆಳೆಯ ಹೊಲಿಗೆಯಲ್ಲಿ ಒಂದೆರಡು ಎಳೆ ತುಸು ಸಡಿಲವಾಗಿದ್ದರೆ ಮೊದಲ ಎಳೆತವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ. ಅವು ಸೋತ ಮೇಲೆ ಸಡಿಲವಾದವುಗಳ ಸರದಿ. ನಿಪುಣ ಕೈಯಲ್ಲಿ ಆರೂ ಎಳೆ ಸಮನಾಗಿ ಬಿಗಿಯಬಹುದು. ಆದರೆ ಸ್ಯಾವೇಜ್ 1985ರಲ್ಲಿ ವಿವರಿಸಿದ ಆರೆಳೆಯ ಹೊಲಿಗೆಯನ್ನು ಬೆರಳಿನ ಇಕ್ಕಟ್ಟಿನಲ್ಲಿ, ತುದಿ ಜಜ್ಜಿಹೋದ ರಜ್ಜುವಿನಲ್ಲಿ, ಮಧ್ಯರಾತ್ರಿ ತುರ್ತು ವಿಭಾಗದಿಂದ ಕರೆ ಬಂದಾಗ ಹಾಕುವುದು ಪ್ರಯೋಗಾಲಯದ ಮೇಜಿನ ಮೇಲೆ ಹಂದಿಯ ರಜ್ಜುವಿಗೆ ಹಾಕಿದಷ್ಟು ಸಲೀಸಲ್ಲ. ಸೂಜಿ ಒಂದೊಂದು ಸಲ ಹಾಯ್ದಾಗಲೂ, ಚಿಮಟ ಒಂದೊಂದು ಸಲ ಹಿಡಿದಾಗಲೂ ರಜ್ಜುವಿನ ತುದಿ ಒಂದಿಷ್ಟು ನಲುಗುತ್ತದೆ. ಹೊಲಿಗೆಯ ಬಲ ಹೊಲಿದವರ ಕೈಯನ್ನು ಬಿಟ್ಟು ಇಲ್ಲ ಎಂಬುದು ಗೊತ್ತಿದ್ದ ಸಂಗತಿಯೇ. ಆದರೂ ಕೋಷ್ಟಕದಲ್ಲಿ ಅದಕ್ಕೊಂದು ಕಾಲಮ್ಮಿಲ್ಲ.

ಇನ್ನು ‘ಬಲ’ ಎಂದರೆ ಕಿತ್ತುಬರುವ ಎಳೆತವೇ ಎಂಬ ಊಹೆ. ಪ್ರಯೋಗಾಲಯದಲ್ಲಿ ಹೊಲಿದ ರಜ್ಜುವನ್ನು ಎರಡು ಹಿಡಿಕೆಗಳ ನಡುವೆ ಸಿಕ್ಕಿಸಿ ನಿಧಾನವಾಗಿ ಎಳೆಯುತ್ತ ಹೋಗುತ್ತಾರೆ. ಕಿತ್ತ ಕ್ಷಣದ ಸಂಖ್ಯೆ ಕೋಷ್ಟಕಕ್ಕೆ ಹೋಗುತ್ತದೆ. ಆದರೆ ಕಿತ್ತುಹೋಗುವ ಮೊದಲೇ ಹೊಲಿಗೆ ಸೋತಿರಬಹುದು. ಎರಡು ತುದಿಗಳ ನಡುವೆ ಸಂದು ಬಿಡಲು ಶುರುವಾದ ಕ್ಷಣವೇ ಮುಖ್ಯವಾದದ್ದು. 1999ರಲ್ಲಿ ಗೆಲ್ಬರ್‌ಮನ್ ಮತ್ತು ಸಂಗಡಿಗರು ನಾಯಿಗಳಲ್ಲಿ ನಡೆಸಿದ ಅಧ್ಯಯನ ಇದಕ್ಕೆ ಗಟ್ಟಿ ಆಧಾರ. 3 ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಟ್ಟ ರಜ್ಜುಗಳು ಹತ್ತನೇ ದಿನದಿಂದ ನಲವತ್ತೆರಡನೇ ದಿನದವರೆಗೆ ಬಲವನ್ನೇ ಗಳಿಸಲಿಲ್ಲ. ಅದಕ್ಕಿಂತ ಕಡಿಮೆ ಸಂದಿದ್ದವು ಗಳಿಸಿದವು. ಸಂದು ಬಿಟ್ಟರೆ ರಜ್ಜು ಅಂಟಿಕೊಂಡು ಬೆರಳಿನ ಚಲನೆ ಕೆಡುತ್ತದೆ ಎಂದು ಎಲ್ಲರೂ ನಂಬಿದ್ದರು. ಅದೇ ಅಧ್ಯಯನದಲ್ಲಿ ಚಲನೆ ಅಷ್ಟಾಗಿ ಕೆಡಲಿಲ್ಲ, ಕೆಟ್ಟದ್ದು ಬಲ. ಹಾಗಾದರೆ ಮೊದಲ ದಿನ 70 ನ್ಯೂಟನ್‌ಗೆ ಕಿತ್ತುಬರುವ, ಆದರೆ 30ಕ್ಕೇ ಸಂದು ಬಿಡುವ ಹೊಲಿಗೆ ಮೇಲೋ, 50ಕ್ಕೆ ಕಿತ್ತರೂ 45ರವರೆಗೆ ಬಿಗಿಯಾಗಿ ನಿಲ್ಲುವ ಹೊಲಿಗೆ ಮೇಲೋ? ಈ ಅಂಕಿಗಳು ನಾನು ವಾದಕ್ಕಾಗಿ ಕಲ್ಪಿಸಿಕೊಂಡವು. ಆದರೆ ಇಂಥ ಜೋಡಿ ಇರಬಹುದು ಎನ್ನುವುದೇ ಕೋಷ್ಟಕದ ಕ್ರಮವನ್ನು ತಲೆಕೆಳಗು ಮಾಡಲು ಸಾಕು. ರಜ್ಜುವಿನ ಅಂಚಿಗೆ ಸುತ್ತಲೂ ಹಾಕುವ ಸಣ್ಣ ಹೊಲಿಗೆಯನ್ನು ಹಿಂದೆ ಅಂದಕ್ಕೆ, ನುಣುಪಿಗೆ ಎಂದು ಹಾಕುತ್ತಿದ್ದರು. ಸಂದನ್ನು ಮೊದಲು ತಡೆಯುವುದು ಅದೇ ಎಂದು ಆಮೇಲೆ ತಿಳಿಯಿತು. ಒಟ್ಟು ಬಲಕ್ಕೆ ಅದರ ಕಾಣಿಕೆ ಹತ್ತು ಪ್ರತಿಶತದಿಂದ ಐವತ್ತರವರೆಗೂ ಹೋಗುತ್ತದೆ. ಅಂಚಿನ ಹೊಲಿಗೆ ಇಲ್ಲದೆ ನಡುಹೊಲಿಗೆಗಳನ್ನಷ್ಟೇ ಹೋಲಿಸಿದ ಪ್ರಯೋಗ, ಯಾರೂ ರೋಗಿಗೆ ಹಾಕದ ಹೊಲಿಗೆಯನ್ನು ಹೋಲಿಸಿದಂತೆ.

ಎಳೆಯುವ ರೀತಿಯೂ ಪ್ರಶ್ನೆಯೇ. ಯಂತ್ರ ನೇರಕ್ಕೆ, ಒಂದೇ ಸಲ ಎಳೆಯುತ್ತದೆ. ಬೆರಳೋ ಬಾಗುತ್ತದೆ, ಮತ್ತೆ ಮತ್ತೆ ಬಾಗುತ್ತದೆ. ಚೀನಾದ ನಾಂಟಾಂಗ್‌ನ ಜಿನ್ ಬೋ ತಾಂಗ್ ಮತ್ತು ಸಂಗಡಿಗರು ಬಾಗಿದ ದಾರಿಯಲ್ಲಿ ಎಳೆದಾಗ ಅದೇ ಹೊಲಿಗೆ ಕಡಿಮೆ ಎಳೆತಕ್ಕೇ ಸೋಲುತ್ತದೆ ಎಂದು ತೋರಿಸಿದ್ದಾರೆ. ಬೆರಳು ಹೆಚ್ಚು ಮಡಿಚಿದಷ್ಟೂ ಸೋಲು ಹತ್ತಿರ. ಪೂರ್ತಿ ಮುಷ್ಟಿಯ ಕೊನೆಯ ಭಾಗವೇ ಅಪಾಯದ ಜಾಗ, ಮೊದಲ ಅರ್ಧ ಅಲ್ಲ ಎಂಬ ತಿಳಿವಳಿಕೆ ಇಂದಿನ ವ್ಯಾಯಾಮಕ್ರಮದಲ್ಲಿ ‘ಅರ್ಧ ಮುಷ್ಟಿ ಸಾಕು’ ಎಂಬ ಸೂಚನೆಯಾಗಿ ಕಾಣಿಸಿಕೊಂಡಿದೆ. ಹೊಲಿಗೆ ಬದಲಿಸದೆ ಅದರ ಮೇಲಿನ ಹೊರೆಯನ್ನು ಇಳಿಸುವ ದಾರಿ ಇದು.

ಇಲ್ಲಿಗೆ ನನ್ನ ಮುಖ್ಯ ತಕರಾರಿಗೆ ಬಂದೆ. ಈವರೆಗೆ ಹೇಳಿದ್ದೆಲ್ಲ ಅಳತೆಯ ದೋಷಗಳು. ಮನಸ್ಸು ಮಾಡಿದರೆ ತಿದ್ದಬಹುದು, ಹಲವು ಪ್ರಯೋಗಾಲಯಗಳು ತಿದ್ದಿಯೂ ಇವೆ. ಮೊದಲ ಮೆಟ್ಟಿಲಿನ ದೋಷ ಅಂಥದ್ದಲ್ಲ, ಅದು ತರ್ಕದ್ದು. ‘ಹೊರೆ ಇಷ್ಟು, ಬಲ ಇಷ್ಟು, ಬಲ ಹೊರೆಗಿಂತ ಹೆಚ್ಚಿರಲಿ’ ಎನ್ನುವಾಗ ಹೊರೆ ಮತ್ತು ಬಲ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಒಪ್ಪಿಕೊಂಡಂತಾಯಿತು. ಆದರೆ ಶೂಯಿಂಡ್ ಅಳೆದ 35 ನ್ಯೂಟನ್ ಗಾಯವಾಗದ, ನುಣುಪಾದ, ಊತವಿಲ್ಲದ ರಜ್ಜುವಿನದು. ಹೊಲಿದ ರಜ್ಜು ಒರೆಯೊಳಗೆ ಜಾರಬೇಕಾದರೆ ಮೊದಲು ಒರೆಯೊಂದಿಗಿನ ಉಜ್ಜಾಟವನ್ನು ಗೆಲ್ಲಬೇಕು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಝಾವ್, ಅಮಾಡಿಯೊ, ಆನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅಳೆದದ್ದು ಇದನ್ನೇ. ರಜ್ಜುವಿನ ಹೊರಮೈಯಲ್ಲಿ ಕುಣಿಕೆ, ಗಂಟು, ದಾರ ಹೆಚ್ಚಾದಷ್ಟೂ ಪುಲ್ಲಿಯ ಕೆಳಗೆ ಅದು ಜಾರಲು ಹೆಚ್ಚು ಬಲ ಬೇಕು. ಅಂದರೆ ಹೊಲಿಗೆಯನ್ನು ಗಟ್ಟಿ ಮಾಡಲು ಮಾಡುವ ಕೆಲಸವೇ ಹೊಲಿಗೆಯ ಮೇಲೆ ಬೀಳುವ ಹೊರೆಯನ್ನೂ ಏರಿಸುತ್ತದೆ. ಎಳೆ ಸೇರಿಸಿದರೆ ಬಲ ಏರಿತು ನಿಜ. ಅದರ ಜತೆ ಉಬ್ಬು, ಉಜ್ಜಾಟ, ಅದನ್ನು ಗೆಲ್ಲಲು ಮುಂಗೈ ಸ್ನಾಯು ಹಾಕಬೇಕಾದ ಎಳೆತ ಎಲ್ಲವೂ ಏರಿದವು. ಗಳಿಸಿದ ಬಲದಲ್ಲಿ ಎಷ್ಟು ಪಾಲು ಈ ಹೊಸ ಹೊರೆಗೇ ಖರ್ಚಾಯಿತು? ಇದಕ್ಕೆ ಉತ್ತರ ಹೊಲಿಗೆಯ ಹೆಸರಿನಲ್ಲಿಲ್ಲ. ರಜ್ಜುವಿನ ಗಾತ್ರ, ಒರೆಯ ಬಿಗಿ, ಎಷ್ಟು ಊತವಿದೆ, ಪುಲ್ಲಿಯನ್ನು ಎಷ್ಟು ಸಡಿಲಿಸಿದ್ದಾರೆ ಎಂಬುದರಲ್ಲಿದೆ. ಅದೇ ಆರೆಳೆಯ ಹೊಲಿಗೆ ತೋರುಬೆರಳಿನಲ್ಲಿ ಲಾಭ ತಂದು ಕಿರುಬೆರಳಿನಲ್ಲಿ ನಷ್ಟ ತರಬಹುದು. ಕಿರುಬೆರಳಿನ ರಜ್ಜು ಸಣ್ಣದು, ಜಾಗ ಇನ್ನೂ ಸಣ್ಣದು.

ಪುಲ್ಲಿಯ ಇತಿಹಾಸ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಎ2, ಎ4 ಎಂಬ ಎರಡು ಪುಲ್ಲಿಗಳನ್ನು ಮುಟ್ಟಲೇಬಾರದು ಎಂಬುದು ದಶಕಗಳ ಕಾಲ ಮೀರಬಾರದ ನಿಯಮವಾಗಿತ್ತು. ಈಗ ಅಗತ್ಯವಿದ್ದಷ್ಟು ಭಾಗವನ್ನು ಸೀಳಿ ಹೊಲಿಗೆಗೆ ದಾರಿ ಬಿಡುವುದನ್ನು ಅನೇಕರು ಒಪ್ಪಿದ್ದಾರೆ. ಉಳಿದ ಪುಲ್ಲಿಗಳು ಸರಿಯಿದ್ದರೆ ರಜ್ಜು ಅಷ್ಟಾಗಿ ಸೆಟೆಯುವುದಿಲ್ಲ. ಹೀಗೆ ದಾರಿ ಬಿಟ್ಟಾಗ ಹೊಲಿಗೆಯ ಬಲ ಒಂದು ನ್ಯೂಟನ್ ಕೂಡ ಏರುವುದಿಲ್ಲ, ಆದರೆ ಅದು ಕಿತ್ತುಹೋಗುವ ಸಂಭವ ಇಳಿಯುತ್ತದೆ. ಬಲದ ಕೋಷ್ಟಕವೊಂದನ್ನೇ ನೋಡುವವರ ಕಣ್ಣಿಗೆ ಈ ಸುಧಾರಣೆ ಬೀಳುವುದೇ ಇಲ್ಲ.

ಕಾಲದ ಮಾತು ಉಳಿಯಿತು. ಮೇಸನ್ ಮತ್ತು ಆಲೆನ್ 1941ರಲ್ಲಿ ನಾಯಿಗಳ ರಜ್ಜು ಹೊಲಿದು ದಿನದಿನಕ್ಕೆ ಅಳೆದಾಗ, ಮೊದಲ ಕೆಲವು ದಿನಗಳಲ್ಲಿ ಬಲ ಏರುವ ಬದಲು ಕುಸಿಯಿತು. ರಜ್ಜುವಿನ ತುದಿಗಳು ಮೆತ್ತಗಾಗಿ ದಾರದ ಹಿಡಿತ ಸಡಿಲಾಗುತ್ತದೆ. ಎರಡನೇ ವಾರ ಕಳೆದ ಮೇಲೇ ಮಾಗುವಿಕೆಯಿಂದ ಬಲ ಕೂಡಿಕೊಳ್ಳುತ್ತದೆ. ರೂಢಿಯ ವಾದಕ್ಕೆ ಇದು ಅನುಕೂಲವೆಂದು ತೋರಬಹುದು: ಮೊದಲೇ ಹೆಚ್ಚು ಬಲವಿದ್ದರೆ ಕುಸಿದ ಮೇಲೂ ಸಾಕಷ್ಟು ಉಳಿಯುತ್ತದಲ್ಲ! ಒಪ್ಪುತ್ತೇನೆ, ಇದು ನನಗೆದುರಾಗಿ ನಿಲ್ಲುವ ಒಳ್ಳೆಯ ಮಾತು. ನಾಲ್ಕೆಳೆಗಿಂತ ಕಡಿಮೆ ಬೇಡ ಎಂಬುದಕ್ಕೆ ಇದೇ ಮುಖ್ಯ ಕಾರಣ ಕೂಡ. ಆದರೆ ಆ ಕುಸಿತ ಬೆರಳನ್ನು ಅಲ್ಲಾಡಿಸದೆ ಕಟ್ಟಿಟ್ಟಾಗಿನದು. 1987ರಲ್ಲಿ ಹಿಚ್‌ಕಾಕ್ ಮತ್ತು ಸಂಗಡಿಗರು ಕೋಳಿಗಳಲ್ಲಿ ಹೊಲಿದ ತಕ್ಷಣವೇ ಮಿತವಾಗಿ ಚಲನೆ ಕೊಟ್ಟು ನೋಡಿದಾಗ ಆ ಆರಂಭದ ಕುಸಿತವೇ ಕಾಣಲಿಲ್ಲ. ಹಾಗಿದ್ದರೆ ಮೂರನೇ ವಾರದ ಬಲ ಮೊದಲ ದಿನದ ಹೊಲಿಗೆಯಿಂದಷ್ಟೇ ಬಂದದ್ದಲ್ಲ, ನಡುವಿನ ದಿನಗಳಲ್ಲಿ ಆ ರಜ್ಜು ಜಾರಿತೋ ಇಲ್ಲವೋ ಎಂಬುದರಿಂದಲೂ ಬಂದದ್ದು. ಉಜ್ಜಾಟದಿಂದ ಜಾರಲಾಗದ ಗಟ್ಟಿ ಹೊಲಿಗೆ, ಜಾರುವ ಸಾಧಾರಣ ಹೊಲಿಗೆಗಿಂತ ಮೂರನೇ ವಾರದಲ್ಲಿ ಹಿಂದೆ ಬೀಳಬಹುದು. ಮೊದಲ ದಿನದ ಕೋಷ್ಟಕ ಈ ಸಾಧ್ಯತೆಯ ಬಗ್ಗೆ ಮೌನ.

ಸರಾಸರಿಯ ಮೇಲೂ ಒಂದು ಮಾತು. ಪ್ರಯೋಗಾಲಯ ಹತ್ತೋ ಹನ್ನೆರಡೋ ರಜ್ಜುಗಳನ್ನು ಎಳೆದು ಸರಾಸರಿ ಹೇಳುತ್ತದೆ. ರೋಗಿಗೆ ಸಿಗುವುದು ಸರಾಸರಿ ಹೊಲಿಗೆಯಲ್ಲ, ಒಂದೇ ಒಂದು ಹೊಲಿಗೆ. 65ರ ಸರಾಸರಿಯ ಸುತ್ತ 35ರಿಂದ 95ರವರೆಗೆ ಹರಡಿಕೊಂಡ ವಿಧಾನವನ್ನೂ 52ರ ಸುತ್ತ 45ರಿಂದ 60ರೊಳಗೆ ನಿಲ್ಲುವ ವಿಧಾನವನ್ನೂ ಊಹಿಸಿಕೊಳ್ಳಿ. ಕೋಷ್ಟಕ ಮೊದಲನೆಯದನ್ನು ಮೇಲಿಡುತ್ತದೆ. ನನ್ನ ಬೆರಳಾದರೆ ನಾನು ಎರಡನೆಯದನ್ನು ಕೇಳುತ್ತೇನೆ. ಕಲಿಯಲು ಕಷ್ಟವಾದ ಹೊಲಿಗೆಯಲ್ಲಿ ಈ ಹರಹು ದೊಡ್ಡದಾಗುವುದು ಸಹಜ. ಹಾಗಾಗಿ ಪರಿಣತರೊಬ್ಬರೇ ಎಲ್ಲ ರಜ್ಜುಗಳನ್ನೂ ಹೊಲಿದ ಪ್ರಯೋಗ ಕಷ್ಟದ ಹೊಲಿಗೆಗೆ ತನಗರಿವಿಲ್ಲದೆ ಪಕ್ಷಪಾತ ಮಾಡಿರುತ್ತದೆ.

ಎದುರು ವಾದಗಳನ್ನು ನೋಡೋಣ. ಮೊದಲನೆಯದು: ಪ್ರಯೋಗಾಲಯ ಬಿಡಿ, ರೋಗಿಗಳಲ್ಲಿ ಏನಾಯಿತು ಹೇಳಿ. 2012ರಲ್ಲಿ ಪ್ರಕಟವಾದ ಒಂದು ಸಮಗ್ರ ಸಮೀಕ್ಷೆಯ ಪ್ರಕಾರ ಇಂಥ ಜೋಡಣೆಗಳಲ್ಲಿ ಕಿತ್ತುಹೋಗುವುದು ನೂರಕ್ಕೆ ಸುಮಾರು ನಾಲ್ಕು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಆರು. 2014ರ ಇನ್ನೊಂದು ಸಮೀಕ್ಷೆ ಎರಡೆಳೆಯ ಹೊಲಿಗೆಗೂ ಹೆಚ್ಚೆಳೆಯ ಹೊಲಿಗೆಗೂ ಕಿತ್ತುಹೋಗುವ ಪ್ರಮಾಣದಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ ಎಂದಿತು. ನನ್ನ ವಾದಕ್ಕೆ ಇದನ್ನು ಬಾವುಟದಂತೆ ಎತ್ತಿ ಹಿಡಿಯಬಹುದಿತ್ತು, ಆದರೆ ಹಾಗೆ ಮಾಡುವುದು ಸರಿಯಲ್ಲ. ಹೆಚ್ಚೆಳೆ ಹಾಕಿದವರು ರೋಗಿಯಿಂದ ಬೇಗ, ಹೆಚ್ಚು ಬೆರಳಾಡಿಸಿರುವ ಸಂಭವವಿದೆ. ಗಳಿಸಿದ ಬಲವನ್ನು ಚಲನೆಗಾಗಿ ಖರ್ಚು ಮಾಡಿದರೆ ಕಿತ್ತುಹೋಗುವ ಪ್ರಮಾಣ ಅಷ್ಟೇ ಉಳಿಯುತ್ತದೆ, ಬೆರಳು ಮಾತ್ರ ಹೆಚ್ಚು ಮಡಿಚುತ್ತದೆ. ಸಮೀಕ್ಷೆಯೊಳಗಿನ ಅಧ್ಯಯನಗಳೋ ಒಂದೊಂದು ಒಂದೊಂದು ಬಗೆಯವು. ಆದ್ದರಿಂದ ‘ಬಲದಿಂದ ಉಪಯೋಗವಿಲ್ಲ’ ಎಂದು ಈ ಅಂಕಿಗಳು ಹೇಳುತ್ತಿಲ್ಲ. ‘ಹೆಚ್ಚು ಬಲ ಎಂದರೆ ಕಡಿಮೆ ಕಿತ್ತುಹೋಗುವಿಕೆ’ ಎಂಬ ನೇರ ಗೆರೆ ಮಾತ್ರ ಅಲ್ಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ನಮ್ಮ ಕಡೆಯ ಸ್ಥಿತಿಗೂ ಹತ್ತಿರದ್ದು. ರೋಗಿ ಹೇಳಿದ ಮಾತು ಕೇಳುವುದಿಲ್ಲ. ಕುಡುಗೋಲಿನಿಂದಲೋ ಒಡೆದ ಗಾಜಿನಿಂದಲೋ ಬೆರಳು ಕೊಯ್ದುಕೊಂಡ ಕೂಲಿಕಾರನಿಗೆ ವಾರವಾರ ಫಿಸಿಯೋಥೆರಪಿಗೆ ಬಸ್ ಹತ್ತಿ ಬರಲಾಗುವುದಿಲ್ಲ. ಮೂರನೇ ವಾರಕ್ಕೇ ಪಟ್ಟಿ ಬಿಚ್ಚಿ ಕೊಡ ಎತ್ತುತ್ತಾನೆ. ಅಂಥವನಿಗೆ ಸಿಕ್ಕಷ್ಟೂ ಬಲ ಇರಲಿ, ಅದು ವಿಮೆಯಿದ್ದಂತೆ ಎನ್ನುತ್ತಾರೆ. 1999ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಕಿತ್ತುಹೋದ ಜೋಡಣೆಗಳ ಕಾರಣ ಹುಡುಕಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ರೋಗಿ ಮಾಡಬಾರದ್ದನ್ನು ಮಾಡಿದ್ದೇ ಕಾರಣವೆಂದು ಕಂಡಿತು. ಹಾಗಾಗಿ ಆಕ್ಷೇಪದ ಪೂರ್ವಾರ್ಧ ನಿಜ. ಆದರೆ ಕೊಡ ಎತ್ತುವ ಕೈಯ ಹೊರೆ ಎಷ್ಟು? ಬೆರಳ ತುದಿಯಿಂದ ಚಿವುಟಿ ಹಿಡಿದರೇ 120 ನ್ಯೂಟನ್ ಬೀಳುವಾಗ ತುಂಬಿದ ಕೊಡವನ್ನು 50ರ ಹೊಲಿಗೆಯೂ ತಾಳದು, 80ರದ್ದೂ ತಾಳದು. ಇವೆರಡರ ನಡುವಿನ ಅಂತರ ಕಾಪಾಡುವುದು ಮಧ್ಯಮ ಎಡವಟ್ಟುಗಳಿಂದ ಮಾತ್ರ, ನಿಜವಾದ ಅಚಾತುರ್ಯದಿಂದಲ್ಲ. ಇನ್ನೂ ಒಂದು ವಿಷಯ: ಫಿಸಿಯೋಥೆರಪಿಗೆ ಬಾರದ ರೋಗಿಯ ರಜ್ಜು ಒರೆಗೆ ಅಂಟಿಕೊಳ್ಳುವ ಸಂಭವವೂ ಹೆಚ್ಚು, ಉಬ್ಬಿದ ಹೊಲಿಗೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಿಮೆಯ ಕಂತು ಕಟ್ಟುವವನೂ ಅವನೇ.

ಮೂರನೆಯದು: ಹಾಗಾದರೆ ಅಳೆಯುವುದೇ ಬೇಡವೇ? ಬೇಕು. ಆದರೆ ಅಳತೆಯಿಂದ ಕೇಳಬೇಕಾದದ್ದು ಬೇರೆ. ಕೋಷ್ಟಕ ಕೆಳಗಿನ ಗೆರೆ ಎಳೆಯಲು ಬರುತ್ತದೆ, ಮೇಲಿನ ಸ್ಥಾನಗಳನ್ನು ಹಂಚಲು ಬರುವುದಿಲ್ಲ. ರೋಗಿಯೇ ಬೆರಳು ಮಡಿಸಬೇಕೆಂದಿದ್ದರೆ ಸಪೂರ ದಾರದ ಎರಡೆಳೆ ಸಾಲದು ಎಂಬ ತೀರ್ಪನ್ನು ಅದು ನಿಸ್ಸಂಶಯವಾಗಿ ಕೊಡಬಲ್ಲದು. ನಾಲ್ಕೆಳೆಯ ಎರಡು ಹೊಲಿಗೆಗಳಲ್ಲಿ ಯಾವುದು ಮೇಲೆಂಬುದನ್ನು ಐದಾರು ನ್ಯೂಟನ್‌ಗಳ ಅಂತರದಿಂದ ಕೊಡಲಾರದು. ಗೆರೆಯ ಮೇಲಿರುವ ಹೊಲಿಗೆಗಳನ್ನು ಹೋಲಿಸಲೇಬೇಕೆಂದರೆ ದಾರವೂ ಹಿಡಿತದ ದೂರವೂ ಒಂದೇ ಇರಲಿ, ಅಂಚಿನ ಹೊಲಿಗೆ ಇರಲಿ. ಬಾಗಿಸಿ, ಸಾವಿರ ಸಲ ಎಳೆದು, 2 ಮಿಲಿಮೀಟರ್ ಸಂದು ಯಾವಾಗ ಬಿಟ್ಟಿತೆಂದು ಹೇಳಲಿ. ಜಾರಲು ಎಷ್ಟು ಬಲ ಬೇಕಾಯಿತೆಂಬುದನ್ನು ಬಲದ ಪಕ್ಕದಲ್ಲೇ ಬರೆಯಲಿ. ಸರಾಸರಿಯ ಜತೆ ಎಲ್ಲಕ್ಕಿಂತ ಕೆಳಗಿನ ಸಂಖ್ಯೆಯನ್ನೂ ಕೊಡಲಿ. ಹೊಲಿದವರು ಪ್ರಾಧ್ಯಾಪಕರೋ ಎರಡನೇ ವರ್ಷದ ವಿದ್ಯಾರ್ಥಿಯೋ ತಿಳಿಸಲಿ. ಇಷ್ಟಿದ್ದ ಕೋಷ್ಟಕದಲ್ಲಿ ಮೊದಲ ಸ್ಥಾನ ಯಾರದೆಂಬ ಕುತೂಹಲ ಬಹುಶಃ ತಾನೇ ತಣಿಯುತ್ತದೆ. ಒಂದು ಕಾಲಮ್ಮಿನಲ್ಲಿ ಮುಂದಿರುವ ಹೊಲಿಗೆ ಇನ್ನೊಂದರಲ್ಲಿ ಹಿಂದೆ ಇರುತ್ತದೆ.

ಈ ಹೊತ್ತಿಗೆ ಪರೀಕ್ಷೆಯ ಜಾಗವೇ ಬದಲಾಗತೊಡಗಿದೆ. ಬೆರಳಿಗೆ ಅಡ್ರಿನಲಿನ್ ಚುಚ್ಚಬಾರದೆಂಬ ಹಳೆಯ ಭಯವನ್ನು ಬಿಟ್ಟು, ಮರಗಟ್ಟಿಸುವ ಮದ್ದಾದ ಲಿಡೊಕೇನ್ ಜತೆ ಅದನ್ನು ಕೊಟ್ಟು, ರಕ್ತ ತಡೆಯುವ ಪಟ್ಟಿಯನ್ನೇ ಬಿಗಿಯದೆ ರೋಗಿ ಎಚ್ಚರವಾಗಿರುವಾಗಲೇ ರಜ್ಜು ಹೊಲಿಯುವ ಪದ್ಧತಿಯನ್ನು ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತು ಇತರರು ಬಳಕೆಗೆ ತಂದರು. ಚರ್ಮ ಮುಚ್ಚುವ ಮೊದಲು ‘ಬೆರಳು ಮಡಿಸಿ’ ಎಂದರೆ ರೋಗಿ ಮಡಿಸುತ್ತಾನೆ. ಆ ಹೊಲಿಗೆ, ಆ ರಜ್ಜುವಿನಲ್ಲಿ, ಆ ಒರೆಯೊಳಗೆ, ಆ ಸ್ನಾಯುವಿನ ಎಳೆತಕ್ಕೆ ಸಂದು ಬಿಟ್ಟಿತೋ ಇಲ್ಲವೋ, ಪುಲ್ಲಿಗೆ ತಗುಲಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಸಂದು ಬಿಟ್ಟರೆ ಅಲ್ಲೇ ಇನ್ನೊಂದು ಎಳೆ ಹಾಕಬಹುದು, ತಗುಲಿದರೆ ಪುಲ್ಲಿಯನ್ನು ಇನ್ನಷ್ಟು ಸೀಳಬಹುದು. ಯಾವ ಹೆಸರಿನ ಹೊಲಿಗೆ ಎಂಬುದು ಅಲ್ಲಿ ಯಾರಿಗೂ ಬೇಕಾಗುವುದಿಲ್ಲ. ಆದರೆ ಇದೂ ಮೊದಲ ದಿನದ ಪರೀಕ್ಷೆಯೇ. ಊತ ಬಂದ ಮೇಲೆ, ತುದಿಗಳು ಮೆತ್ತಗಾದ ಮೇಲೆ ಅದೇ ಬೆರಳು ಹೇಗೆ ಮಡಿಚುತ್ತದೆ ಎಂಬುದಕ್ಕೆ ಐದನೇ ದಿನ ಮತ್ತು ಮೂರನೇ ವಾರದಲ್ಲಿ ಫಿಸಿಯೋಥೆರಪಿಸ್ಟ್ ಬರೆದಿಟ್ಟ ಟಿಪ್ಪಣಿಗಳನ್ನು ನೋಡಬೇಕಾಗುತ್ತದೆ.